ಆರು ಚೂರು ಹಸಿರು

ಚಪ್ಪಲಿ ಬಿಡ್ರಿ ಡಾಕ್ಟರಬಾಯಾರ, ಬರಿಗಾಲಿಲೆ ನಿಲ್ರಿ.
ಕಣ್ಣಿಗೆ ಎಲ್ಲಾ ಹಸಿರೂ ಒಂದ.
ಅಂಗಾಲಿಗೆ ಹಂಗಿಲ್ಲ.

ಮುಂಜಾನೆ ಒಂಬತ್ತಕ್ಕ ಈ ಆರು ಚೂರು
ನಿಮ್ಮ ಪಾಗಾರದ ಮ್ಯಾಲೆ ಇಟ್ಟು ಹೋಗಿದ್ದೆ,
ಒಂದೊಂದಕ್ಕ ಒಂದೊಂದು ತಂಬಿಗಿ ನೀರು ಹಾಕಿ.
ಈಗ ಮೂರಾತು. ಮುಟ್ಟಿ ನೋಡ್ರಿ.
ಇದು ನೈಲಾನು: ಇನ್ನೂ ಮೊಸರಿನ್ಯಾಗ ನೆಂದ ವಡಿ.
ಇದು ಒಣಗೇತಿ ಖರೆ, ಆದ್ರ ಬೆನ್ನು ತಿರುವ್ರಿ,
ಲೇಟೆಕ್ಸು. ಅಲ್ದೊನಾದ ಗಾಳಿಗೆ
ಎರಡ ಮಳಿಗಾಲ, ಹಪ್ಪಳ ಮುರದಂಗ ಮುರೀತೈತಿ.

ಇದು ಐವತ್ತು ಮಿಲಿಮೀಟರು, ಟೀವಿಯೊಳಗಿನ ಮೈದಾನ.
ಎಲ್ಲಾರೂ ಮೊದಲು ಇದಕ್ಕ ಕೈ ಹಾಕತಾರ.
ತೆಲಿ ಎರಕೊಂಡ ಮ್ಯಾಲೆ ಉದ್ದ ಕೂದಲಾ ಆರಸೋ ಕಷ್ಟ
ನಿಮಗ ನಾ ಹೇಳಬೇಕೇನ್ರಿ?
ಅದರ ಬುಡಕ್ಕ ತುಂಬೂದು ಕರಿ ರಬ್ಬರ ಕಾಳು,
ಏಪ್ರಿಲ್ ಮಧ್ಯಾಹ್ನ ಕಾದ ಹಂಚು,
ಜೂನದಾಗ ಪಂಕ್ಚರ್ ಅಂಗಡಿ ವಾಸನಿ.

ಮರಳು ತಂಪು.
ಆದ್ರ ನಿಮ್ಮ ಮಗಳು ಗೋಲು ಕಾಯ್ತಾಳಂದ್ರಿ,
ಬೀಳೂದ ಆಕಿ ಕೆಲಸ.
ಚೂಪು ಮರಳಿಗೆ ಮೊಣಕಾಲು ಹೆರದು ಹೋಗತಾವ,
ದಿನಾ ಸಂಜಿಕ ನಿಮ್ಮ ದವಾಖಾನಿ ಮನ್ಯಾಗ.
ದುಂಡನ್ನ ಮರಳು ಕೇಳ್ರಿ, ಮುಷ್ಟಿಯೊಳಗಿಂದ
ನವಣಿ ಜಾರಿದಂಗ ಜಾರಬೇಕು.

ಆ ಹಲಸಿನ ಗಿಡ ಕಡೀಬ್ಯಾಡ್ರಿ,
ಕೋರ್ಟನ್ನ ಮೂರು ಮಾರು ಇತ್ತ ಸರಸೂಣು.
ನೆಳ್ಳಾಗ ಸುಳ್ಳು ಹುಲ್ಲಿನ ಮ್ಯಾಲೆ
ಖರೇ ಪಾಚಿ ಬೆಳೀತೈತಿ.

ಹನ್ನೊಂದು ವರ್ಷಾತು, ಮೊಯಿರಾದಾಗ ನನ್ನ ಮೊದಲನೇ ಕೆಲಸ,
ಅರ್ಮಿಂದಾ ಬಾಯಿ ಅನ್ನೋರ ಹಿತ್ತಲಾ.
ನೆಲಾ ಕೇರಂ ಬೋರ್ಡು ಆಗಿತ್ತರಿ, ಅಷ್ಟು ಸಪಾಟು!
ಅದ ನನ್ನ ಜಂಬ.
ಹಾಸಿದೆ, ಅಂಟಿಸಿದೆ, ರೊಕ್ಕ ಎಣಿಸಿ ಬಂದೆ.
ಜುಲೈದಾಗ ಫೋನು.
ಬೈಲಿಲ್ಲ. ದಾವಲ್, ಮೊದಲು ಚಾ ಕುಡಿ, ಅಂದ್ರು.
ಕುಡದ ಮ್ಯಾಲೆ, ಚಪ್ಪಲಿ ಬಿಡು,
ಆ ತುದಿಗಿ ನಡದು ಹೋಗಿ ಬಾ.
ಹೋಗುವಾಗ ಪಚಕ್ ಪಚಕ್.
ಬರುವಾಗೂ.
ನಟ್ಟ ನಡುವ ಒಂದು ಕಪ್ಪಿ ಕುಂತು
ಬಾಡಿಗಿ ಬಾಕಿ ಇಟ್ಟಾವನ್ನ ಮಾಲಕ ನೋಡಿದಂಗ ನನ್ನ ನೋಡತಿತ್ತು.

ಹದಿನಾಲ್ಕು ದಿನ. ಕಿತ್ತೆ, ಜಲ್ಲಿ ಹಾಕಿದೆ, ಇಳಿಜಾರು ಕೊಟ್ಟೆ,
ಗೇಣು ಗೇಣು ಬಿಡಿಸಿ ಒಣಗಿಸಿ ಮತ್ತ ಹಾಸಿದೆ.
ಪುಕ್ಕಟೆ ಅಂತ ನಾನ ಅಂದಿದ್ದೆ.
ಕಡೀ ದಿನ ಚೀಲದಾಗ ಅರ್ಧಾ ಕೂಲಿ ತುರುಕಿದ್ರು,
ಮ್ಯಾಲೆ ಒಂದು ಪುಡಿಕಿ ಒಣ ಸೀಗಡಿ.
ಬೈನಾದಾಗ ನಮ್ಮ ಓಣಿ ತುಂಬ ಅವತ್ತು ಸೀಗಡಿ ವಾಸನಿ.
ನಾನೊಬ್ಬಾವ ಉಣಲಿಲ್ಲ, ಯಾಕೋ.

ನನ್ನ ಕೇಳಿದ್ರ ನಾಲ್ಕನೇದು ತಗೋರಿ.
ಗಿಡ್ಡ ಎಳಿ, ಒತ್ತಾಗಿ, ತೂತಿನ ಬೆನ್ನು.
ನಮ್ಮ ಮಾಲಕ ಆರನೇದು ಮಾರು ಅಂತ ಕಳಿಸ್ಯಾನ,
ನಾ ಹಿಂಗ ಅಂದೆ ಅಂತ ಅವಗ ಹೇಳಬ್ಯಾಡ್ರಿ.
ಮತ್ತ ಗೋಂದು ಈಗ ಬ್ಯಾಡ.
ನಿಮ್ಮ ಅಡಗಿಮನಿ ಉಪ್ಪಿನ ಡಬ್ಬಿ ನೀರು ಬಿಡತೈತಲ್ಲ,
ಅದು ನಿಂತ ದಿನ ನನಗ ಫೋನು ಮಾಡ್ರಿ.
ನವೆಂಬರ್ ಆಗಬಹುದು.

ಅಲ್ಲೀತನಾ ನೆಲದ ಕೆಲಸ.
ಒಂದು ಕೊಡಾ ನೀರು ತರ್ರಿ. ಮಗಳನ್ನೂ ಕರೀರಿ.
ಇಲ್ಲಿ, ನಡುವ ಸುರೀತೀನಿ, ಈ ಕೆಂಪು ಮಣ್ಣಿನ ಮ್ಯಾಲೆ.
ತುಳೀಬ್ಯಾಡ್ರಿ, ಹಿಂದ ಸರೀರಿ.
ತಡಿ ತಂಗಿ,
ಅದಕ್ಕಿನ್ನೂ ಎತ್ತ ಹೋಗಬೇಕಂತ ಗೊತ್ತಾಗಿಲ್ಲ.
ಒಂದು ನಾಲಿಗಿ ಚಾಚೇತಿ. ಹಿಂದಕ್ಕ ಎಳಕೊಂತು.

ಹಾಂ.
ಬಾವಿ ಕಡೆ.
ಆ ಗೂಟ ಇತ್ತ ಕೊಡವಾ.